ತನ್ನ ಜಾಗಕ್ಕೆ ಮೇಷ್ಟರನ್ನು ಹುಡುಕಿದ ರುಸಾಂಕಾ

ರುಸಾಂಕಾ ಭೌತಶಾಸ್ತ್ರ ಕಲಿಸುತ್ತಿದ್ದಳು, ನಾನು ಭಾಷೆ. ಬೆಟ್ಟಗಳ ನಡುವಿನ ಗಣಿ ಊರು ರುಡೋಜೆಮ್‌ನ ನಮ್ಮ ಶಾಲೆಯ ಅಧ್ಯಾಪಕರ ಕೋಣೆಯಲ್ಲಿ ಕಿಟಕಿ ಪಕ್ಕದ ದೊಡ್ಡ ಮೇಜನ್ನು ಇಬ್ಬರೂ ಹಂಚಿಕೊಂಡಿದ್ದೆವು. ಅವಳ ಕಡೆ ತಂತಿಯ ಸುರುಳಿ, ಉರಿಯದ ಬಲ್ಬು, ಅಯಸ್ಕಾಂತ, ಎಂದೋ ತಂದಿಟ್ಟು ಮರೆತ ಸೇಬು. ನನ್ನ ಕಡೆ ತಿದ್ದದೆ ಉಳಿದ ಪ್ರಬಂಧಗಳು. ನಡುವೆ ಗಡಿ ಎಂಬುದು ಇರಲಿಲ್ಲವಾದ್ದರಿಂದ ನನ್ನ ಮಕ್ಕಳ ಪ್ರಬಂಧಗಳಿಗೆ ಆಗಾಗ ಕಬ್ಬಿಣದ ಪುಡಿ ಅಂಟಿರುತ್ತಿತ್ತು.

ರುಸಾಂಕಾ ಆಳು ಕುಳ್ಳಿ, ದನಿ ಮಾತ್ರ ದೊಡ್ಡದು. ಅವಳು ಕೆಲಸಕ್ಕೆ ಸೇರಿದ ಕಾಲದಲ್ಲಿ ಅದಿರು ತುಂಬಿದ ಲಾರಿಗಳು ಶಾಲೆಯ ಗೋಡೆ ಪಕ್ಕದಲ್ಲೇ ಓಡುತ್ತಿದ್ದವು. ಆ ಸದ್ದಿನ ಮೇಲೆ ಪಾಠ ಹೇಳಿ ಹೇಳಿ ಅದೇ ದನಿ ರೂಢಿಯಾಯಿತು. ಗಣಿಯ ಕೆಲಸ ಕಡಿಮೆಯಾಗಿ ಲಾರಿಗಳು ವಿರಳವಾದವು, ರುಸಾಂಕಾಳ ದನಿ ಮಾತ್ರ ತಗ್ಗಲಿಲ್ಲ. ಊರಿನಲ್ಲಿ ಅವಳ ಕೈಯಲ್ಲಿ ಕಲಿಯದವರು ಕಡಿಮೆ. ಬೇಕರಿಯವನು, ಆಂಬುಲೆನ್ಸ್ ಓಡಿಸುವವನು, ಕೊನೆಗೆ ನಮ್ಮ ಮುಖ್ಯೋಪಾಧ್ಯಾಯಿನಿ ಕೂಡ ಅವಳ ಶಿಷ್ಯರೇ. ಯಾರು ಏನೇ ಹೇಳಲಿ, "ಯಾಕೆ?" ಎಂದು ಕೇಳುವುದು ಅವಳ ಅಭ್ಯಾಸ. ಮಕ್ಕಳು ಬೆನ್ನ ಹಿಂದೆ ಅವಳನ್ನು "ಯಾಕೆ ಮೇಡಂ" ಎಂದು ಕರೆಯುತ್ತಿದ್ದರು. ಅವಳಿಗೆ ಅದು ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ನಿವೃತ್ತಿ ಹತ್ತಿರ ಬಂದಾಗ ಅವಳ ಜಾಗಕ್ಕೆ ಜಾಹೀರಾತು ಕೊಟ್ಟರು. ಯಾರೂ ಬರಲಿಲ್ಲ. ಮರುವರ್ಷ ಮತ್ತೆ ಕೊಟ್ಟರು, ಆಗಲೂ ಇಲ್ಲ. ಕೊನೆಗೆ ಮುಖ್ಯೋಪಾಧ್ಯಾಯಿನಿ ಬೇರೆ ದಾರಿ ಕಾಣದೆ ವ್ಯಾಯಾಮದ ಮೇಷ್ಟ್ರು ಫಿಲಿಪ್‌ಗೆ ಆ ಪಾಠಗಳನ್ನು ಹಂಚಿಕೊಡುವ ಮಾತಾಡಿದರು. ಫಿಲಿಪ್ ನಮ್ಮ ಮೇಜಿನ ಹತ್ತಿರ ಬಂದು ನಿಂತ. ಆರಡಿ ಎತ್ತರದ ಮನುಷ್ಯ, ಮುಖ ಬಿಳಿಚಿಕೊಂಡಿತ್ತು.

"ರುಸಾಂಕಾ, ಗುರುತ್ವಾಕರ್ಷಣೆ ಅಂದ್ರೆ ನಂಗೆ ಗೊತ್ತಿರೋದು ಚೆಂಡು ಕೆಳಗೆ ಬೀಳುತ್ತೆ ಅನ್ನೋದಷ್ಟೇ. ಹೇಗಾದ್ರೂ ಮಾಡಿ ಯಾರನ್ನಾದ್ರೂ ಹುಡುಕು ತಾಯಿ."

ಅವತ್ತು ಸಂಜೆಯೇ ಅವಳು ಪ್ಲೊವ್ಡಿವ್‌ನ ವಿಶ್ವವಿದ್ಯಾಲಯದಲ್ಲಿದ್ದ ಶೋಪೊವ್‌ಗೆ ಫೋನು ಮಾಡಿದಳು. ಶೋಪೊವ್ ಈಗ ದೊಡ್ಡ ಅಧ್ಯಾಪಕ, ಒಂದು ಕಾಲದಲ್ಲಿ ಅವಳ ಸಹಪಾಠಿ, ಪ್ರಯೋಗಶಾಲೆಯ ವರದಿಗಳನ್ನೆಲ್ಲ ಅವಳದನ್ನು ನೋಡಿಯೇ ಬರೆದವನು. ಹಾಗಾಗಿ ಇಲ್ಲವೆನ್ನಲಾಗಲಿಲ್ಲ. ಭೌತಶಾಸ್ತ್ರ ಓದುವ ಹುಡುಗ ಹುಡುಗಿಯರೇ ಕಡಿಮೆ, ಅವರಲ್ಲಿ ಶಾಲೆಯ ಕಡೆ ತಲೆ ಹಾಕುವವರು ಇಲ್ಲವೇ ಇಲ್ಲ ಅಂತ ಮೊದಲೇ ಹೇಳಿದನಂತೆ. ಆದರೂ ಒಂದು ಶುಕ್ರವಾರ ತರಗತಿ ಮುಗಿದ ಮೇಲೆ ಅವರನ್ನು ಕೂರಿಸಿಕೊಡುತ್ತೇನೆ, ಬಂದು ಮಾತಾಡು ಎಂದ.

ಅವಳ ಭಾಷಣವನ್ನು ಬರೆದುಕೊಟ್ಟವಳು ನಾನು. ನಾಳಿನ ನಾಗರಿಕರನ್ನು ರೂಪಿಸುವ ಉದಾತ್ತ ವೃತ್ತಿ, ಜ್ಞಾನದ ಬೆಳಕು ಹಚ್ಚುವ ಕೈಗಳು ಎಂದೆಲ್ಲ ಮೂರು ಪುಟ. ನನಗೆ ಬಹಳ ಹಿಡಿಸಿತ್ತು. ಅವಳು ಅದನ್ನು ಬಸ್ಸಿನಲ್ಲಿ, ತಿರುವು ತುಂಬಿದ ಚೆಪೆಲಾರೆಯ ಇಳಿಜಾರಿನಲ್ಲೂ ಬಾಯಿಪಾಠ ಮಾಡಿಕೊಳ್ಳುತ್ತಾ ಹೋದಳು.

ಕೋಣೆಯಲ್ಲಿ ಹತ್ತು ಹನ್ನೆರಡು ಜನ ಇದ್ದರು. ಅರ್ಧ ಜನ ಮೇಜಿನ ಕೆಳಗೆ ಫೋನು ನೋಡುತ್ತಿದ್ದರು. ಒಬ್ಬ ಸೂರ್ಯಕಾಂತಿ ಬೀಜ ಬಿಡಿಸಿ ತಿನ್ನುತ್ತಿದ್ದ. ಉದಾತ್ತ ವೃತ್ತಿ ಬಂತು, ಹೋಯಿತು. ಬೆಳಕು ಹಚ್ಚುವ ಕೈಗಳು ಬಂದಾಗ ಯಾರೋ ಆಕಳಿಸಿದರು. ಅವಳು ಮುಗಿಸಿ, ಏನಾದರೂ ಕೇಳುವುದಿದ್ದರೆ ಕೇಳಿ ಎಂದಳು. ಹಿಂದಿನ ಸಾಲಿನಲ್ಲಿ ಕೂದಲು ಚಿಕ್ಕದಾಗಿ ಕತ್ತರಿಸಿಕೊಂಡ ಒಬ್ಬ ಹುಡುಗಿ ಕೈ ಎತ್ತಿದಳು. ಹೆಸರು ಬಿಲ್ಯಾನಾ.

"ಮೇಡಂ, ನಿಮಗೆ ಮಕ್ಕಳಿದ್ದಾರಾ?"

"ಇದ್ದಾಳೆ. ಒಬ್ಬಳೇ ಮಗಳು."

"ಅವರೂ ಟೀಚರಾ?"

"ಅಲ್ಲ."

"ಯಾಕೆ?"

ಬದುಕಿಡೀ ತಾನು ಎಲ್ಲರನ್ನೂ ಕೇಳಿದ ಪ್ರಶ್ನೆ ತನ್ನ ಕಡೆಗೇ ತಿರುಗಿ ಬಂತು ಎಂದು ರುಸಾಂಕಾ ಆಮೇಲೆ ನನಗೆ ಹೇಳಿದಳು. ಮಗಳಿಗೆ ಇಷ್ಟವಿರಲಿಲ್ಲ ಅಂತ ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ತರಗತಿಯಲ್ಲಿ ನಿಂತು ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ಆಗ್ತೀನಿ ಅಂದ್ಲು. ನಾನೇ ಬೇಡ ಅಂದೆ."

ಫೋನುಗಳಿಂದ ತಲೆಗಳು ಮೇಲೆದ್ದವು. ಬೀಜ ತಿನ್ನುತ್ತಿದ್ದವನ ಕೈ ನಿಂತಿತು. ಅವಳು ಕಾಗದ ಮಡಚಿ ಚೀಲಕ್ಕೆ ಹಾಕಿದಳು. ಹಿಂದಿನ ಒಂದು ಕೆಟ್ಟ ಚಳಿಗಾಲದ ಬಗ್ಗೆ ಹೇಳಿದಳು. ಸಂಬಳ ಕೈಗೆ ಬರುವಷ್ಟರಲ್ಲಿ ಅದಕ್ಕೆ ಬೆಲೆಯೇ ಇಲ್ಲದಂತಾದ ವರ್ಷ. ಅವಳು ರಾತ್ರಿ ಕಾಲುಚೀಲ ಹೆಣೆದು ಭಾನುವಾರ ರಸ್ತೆ ಬದಿಯಲ್ಲಿ ಮಾರುತ್ತಿದ್ದಳು, ಕೊಳ್ಳಲು ಬಂದ ಶಿಷ್ಯರ ಅಪ್ಪಅಮ್ಮಂದಿರು ಬೇರೆಲ್ಲೋ ನೋಡುತ್ತಾ ಬೆಲೆ ಕೇಳುತ್ತಿದ್ದರು. ಕಾಲ ಸ್ವಲ್ಪ ಸುಧಾರಿಸಿದ ಮೇಲೂ ಆ ಭಯ ಹೋಗಿರಲಿಲ್ಲ. ಮಗಳು ಶಾಲೆ ಮುಗಿಸಿ ನಾನೂ ನಿನ್ನ ಹಾಗೆ ಎಂದಾಗ, ನನ್ನ ಹಾಗೆ ಮಾತ್ರ ಬೇಡ ಎಂದಿದ್ದಳು. ಮಗಳು ವಿಯೊಲೆಟಾ ಈಗ ಇದೇ ಪ್ಲೊವ್ಡಿವ್‌ನಲ್ಲಿ ಕಟ್ಟುಹಲ್ಲು ತಯಾರಿಸುವ ಕೆಲಸ ಮಾಡುತ್ತಾಳೆ.

"ಹಾಗಾದ್ರೆ ನೀವ್ಯಾಕೆ ಬಿಡ್ಲಿಲ್ಲ?" ಬಿಲ್ಯಾನಾ ಬಿಡಲಿಲ್ಲ.

ರುಸಾಂಕಾ ಅದಕ್ಕೂ ಇದ್ದದ್ದನ್ನೇ ಹೇಳಿದಳು. "ಬಿಡೋಣ ಅಂದ್ಕೊಂಡಾಗೆಲ್ಲ ಯಾವುದೋ ಒಂದು ಕ್ಲಾಸಲ್ಲಿ ಏನೋ ಒಂದು ಅರ್ಧಕ್ಕೆ ನಿಂತಿರ್ತಿತ್ತು. ನಾಳೆ ಅದನ್ನ ಮುಗಿಸಿ ಆಮೇಲೆ ಬಿಡೋಣ ಅಂತ ಹೋಗ್ತಿದ್ದೆ. ಹಾಗೇ ಇಷ್ಟು ವರ್ಷ ಆಯ್ತು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಶೋಪೊವ್ ಧನ್ಯವಾದ ಹೇಳಿ ಎಲ್ಲರನ್ನೂ ಕಳಿಸಿದ. ಬಾಗಿಲ ಹತ್ತಿರ, "ಕರೆಯೋಕೆ ಬಂದವಳು ಬಂದವರನ್ನೂ ಓಡಿಸಿದೆಯಲ್ಲ" ಎಂದು ತಮಾಷೆ ಮಾಡಿದ. ಅವಳಿಗೆ ನಗು ಬರಲಿಲ್ಲ.

ಊರಿಗೆ ಕೊನೆಯ ಬಸ್ಸು ಹೋಗಿಯಾಗಿತ್ತು, ಉಳಿದುಕೊಳ್ಳಲು ಮಗಳ ಮನೆಗೆ ಹೋದಳು. ವಿಯೊಲೆಟಾ ಅಡುಗೆಮನೆಯಲ್ಲಿ ದಪ್ಪ ಮೆಣಸಿನಕಾಯಿ ಹುರಿದು ಸಿಪ್ಪೆ ತೆಗೆಯುತ್ತಿದ್ದಳು. ಅಮ್ಮನೂ ಒಂದು ಚಾಕು ತೆಗೆದುಕೊಂಡು ಎದುರಿಗೆ ಕುಳಿತಳು. ಸುತ್ತಿ ಬಳಸದೆ ನಡೆದದ್ದನ್ನು ನಡೆದ ಹಾಗೇ ಹೇಳಿದಳು. ನೀನು ಟೀಚರ್ ಆಗುವುದನ್ನು ನಾನೇ ತಡೆದೆ ಅಂತ ಗುರುತು ಪರಿಚಯವಿಲ್ಲದ ಹುಡುಗರ ಮುಂದೆ ಹೇಳಿಬಂದೆ, ನಿನಗೆ ಮಾತ್ರ ಇಷ್ಟು ವರ್ಷದಲ್ಲಿ ಒಂದು ದಿನವೂ ಹೇಳಲಿಲ್ಲ ಎಂದಳು.

ವಿಯೊಲೆಟಾ ಮೆಣಸಿನಕಾಯಿಯಿಂದ ಕಣ್ಣು ಎತ್ತಲಿಲ್ಲ. "ಆ ವರ್ಷ ನಿನ್ನ ಮೇಲೆ ಎಷ್ಟು ಸಿಟ್ಟಿತ್ತು ಗೊತ್ತಾಮ್ಮ? ನೀನು ಹೆಣೆದಿದ್ದ ಕಾಲುಚೀಲ ಹಾಕ್ಕೊಳ್ತಿರ್ಲಿಲ್ಲ. ಕಾಲು ಮರಗಟ್ಟಿದ್ರೂ ಹಾಕ್ಕೊಳ್ಲಿಲ್ಲ."

"ಬೇಡ ಅಂದಿದ್ದಕ್ಕಾ?"

"ಬೇಡ ಅಂದಿದ್ದಕ್ಕಲ್ಲ. ನೀನು ದಿನಾ ಬೆಳಿಗ್ಗೆ ಅಷ್ಟು ಖುಷಿಯಾಗಿ ಹೋಗ್ತಿದ್ದ ಕಡೆಗೆ ನಂಗೆ ಮಾತ್ರ ಬರಬೇಡ ಅಂದ್ಯಲ್ಲ, ಅದಕ್ಕೆ."

ತಾನು ಖುಷಿಯಾಗಿ ಹೋಗುತ್ತಿದ್ದೆ ಎಂಬುದು ರುಸಾಂಕಾಳಿಗೆ ಆ ಕ್ಷಣದವರೆಗೆ ಗೊತ್ತಿರಲಿಲ್ಲವಂತೆ. ಆ ವರ್ಷಗಳ ಬಗ್ಗೆ ಅವಳಿಗೆ ನೆನಪಿದ್ದದ್ದು ಚಳಿ, ಕೈ ಬೆರಳುಗಳ ನೋವು, ಸೀಮೆಸುಣ್ಣಕ್ಕೂ ಗತಿಯಿಲ್ಲದ ಶಾಲೆ. ಮಗಳಿಗೆ ಕಂಡದ್ದು ಕೋಟು ಹಾಕಿಕೊಳ್ಳುವಾಗ ಅಮ್ಮ ಗುನುಗುತ್ತಿದ್ದ ಹಾಡು. ಅವಳು ಚಾಕು ಕೆಳಗಿಟ್ಟು ಎದ್ದುಹೋಗಿ ಮಗಳ ತಲೆಯನ್ನು ಎದೆಗೆ ಒತ್ತಿ ಹಿಡಿದುಕೊಂಡಳು. ಮೆಣಸಿನಕಾಯಿಯ ಕೈ ಕಣ್ಣಿಗೆ ತಾಗಿದೀತು ಅಂತ ವಿಯೊಲೆಟಾ ಬೈದಳು, ಆದರೆ ಬಿಡಿಸಿಕೊಳ್ಳಲಿಲ್ಲ. ಹಲ್ಲು ಮಾಡುವ ಕೆಲಸ ತನಗೆ ಇಷ್ಟ, ಅದರ ಬಗ್ಗೆ ಯಾವ ಬೇಸರವೂ ಇಲ್ಲ ಎಂದೂ ಆಮೇಲೆ ಹೇಳಿದಳು.

ಸೋಮವಾರ ಶಾಲೆಗೆ ಬಂದವಳೇ ರುಸಾಂಕಾ ನನ್ನ ಭಾಷಣವನ್ನು ಮೇಜಿನ ನನ್ನ ಕಡೆಗೆ ತಳ್ಳಿ, "ನಿನ್ನ ಬೆಳಕು ಹಚ್ಚುವ ಕೈಗೆ ಒಬ್ಬ ಆಕಳಿಸಿದ ಕಣೇ ಎಲ್ಕಾ" ಎಂದಳು. ಕೆಲಸ ಕೆಟ್ಟಿತು ಅಂತಲೇ ಇಬ್ಬರೂ ಅಂದುಕೊಂಡಿದ್ದೆವು. ಆದರೆ ಕೆಲವು ದಿನಗಳ ನಂತರ ಬಿಲ್ಯಾನಾಳ ಫೋನು ಬಂತು. ಶೋಪೊವ್ ಹತ್ತಿರ ನಂಬರು ಇಸಿದುಕೊಂಡಿದ್ದಳು. ಟೀಚರ್ ಆಗುವ ಆಲೋಚನೆಯೇನೂ ಇಲ್ಲ, ಆದರೆ ಹಾಗೆ ಅರ್ಧಕ್ಕೆ ನಿಲ್ಲುವುದು ಏನು ಅಂತ ಒಂದು ವಾರ ಬಂದು ನೋಡಬಹುದೇ ಎಂದು ಕೇಳಿದಳು.

ಹಾಗೆ ಅವಳು ವಸಂತದಲ್ಲಿ ರುಡೋಜೆಮ್‌ಗೆ ಬಂದಿಳಿದಳು. ರುಸಾಂಕಾಳ ಮನೆಯಲ್ಲೇ ಇಳಿದುಕೊಂಡಳು. ರುಸಾಂಕಾಳ ಗಂಡ ಅಸೆನ್ ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ನಿವೃತ್ತನಾದವನು, ಈಗ ಮನೆಯ ಅಡುಗೆಯೆಲ್ಲ ಅವನದೇ. ಮೊದಲ ದಿನ ತರಗತಿಯ ಹಿಂದೆ ಕೂತು ನೋಡಿದ ಬಿಲ್ಯಾನಾಳಿಗೆ ಎರಡನೆಯ ದಿನ ರುಸಾಂಕಾ ಸೀಮೆಸುಣ್ಣ ಕೊಟ್ಟು, ಎಂಟನೇ ತರಗತಿಗೆ ಶಾಖದ ಪಾಠ ನೀನೇ ಮಾಡು ಎಂದಳು.

ಹುಡುಗಿ ರಾತ್ರಿಯೆಲ್ಲ ಕೂತು ತಯಾರಾಗಿದ್ದಳು. ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ತೋರಿಸಿ ಶುರು ಮಾಡಿದಳು. ಬೆಂಚಿನ ಕಬ್ಬಿಣದ ಕಾಲು, ಮೇಲಿನ ಮರದ ಹಲಗೆ, ಎರಡನ್ನೂ ಮುಟ್ಟಿ ನೋಡಿ ಎಂದಳು. ಮಕ್ಕಳು ಮುಟ್ಟಿದರು. ಕಬ್ಬಿಣ ತಣ್ಣಗಿದೆ ಎಂದರು. ಇಲ್ಲ, ಎರಡೂ ಅಷ್ಟೇ ತಣ್ಣಗಿವೆ, ಒಂದೇ ಕೋಣೆಯಲ್ಲಿ ರಾತ್ರಿಯಿಡೀ ಇದ್ದವಲ್ಲ ಎಂದಳು ಬಿಲ್ಯಾನಾ. ಮಕ್ಕಳು ಮತ್ತೆ ಮುಟ್ಟಿ, ಇಲ್ಲ ಮಿಸ್, ಕಬ್ಬಿಣವೇ ತಣ್ಣಗೆ ಎಂದರು. ಅವಳು ಸೂತ್ರ ಬರೆದಳು. ಮಕ್ಕಳು ಬರೆದುಕೊಂಡರು, ನಂಬಲಿಲ್ಲ. ಒಬ್ಬ, ಮಿಸ್‌ಗೆ ಕೈ ಮರಗಟ್ಟಿರಬೇಕು ಎಂದದ್ದಕ್ಕೆ ಇಡೀ ಕ್ಲಾಸು ನಕ್ಕಿತು. ಅವಳ ದನಿ ಸಣ್ಣದಾಗುತ್ತಾ ಹೋಯಿತು. ರುಸಾಂಕಾ ಹಿಂದಿನ ಬೆಂಚಿನಲ್ಲಿ ತುಟಿ ಬಿಗಿ ಹಿಡಿದು ಕುಳಿತಿದ್ದಳು.

ಸಂಜೆ ಊಟಕ್ಕೆ ಕೂತಾಗ ಬಿಲ್ಯಾನಾಳ ಕಣ್ಣೀರು ತಟ್ಟೆಗೆ ಬಿತ್ತು. ನನ್ನ ಕೈಲಿ ಇದು ಆಗುವ ಕೆಲಸವಲ್ಲ, ನಾಳೆ ಹೊರಟುಬಿಡುತ್ತೇನೆ ಎಂದಳು. ಅಸೆನ್ ಹುರುಳಿಕಾಯಿ ಬೀಜದ ಸೂಪು ಇನ್ನೊಂದು ಸೌಟು ಬಡಿಸುತ್ತಾ, "ಉಪ್ಪು ನಾನೇ ಸರಿಯಾಗಿ ಹಾಕಿದ್ದೀನಮ್ಮ, ನೀನು ಬೇರೆ ಹಾಕ್ಬೇಡ" ಎಂದ.

ರುಸಾಂಕಾ ತನ್ನ ಮೊದಲ ಪಾಠದ ಕತೆ ಹೇಳಿದಳು. ಇಡೀ ತಾಸಿಗೆ ಅಂತ ತಯಾರಿಸಿದ್ದ ಪಾಠವನ್ನು ಹೆದರಿಕೆಯಲ್ಲಿ ಹತ್ತು ನಿಮಿಷಕ್ಕೇ ಮುಗಿಸಿಬಿಟ್ಟಿದ್ದಳು. ಇನ್ನೇನು ಮಾಡುವುದು ತೋಚದೆ ಹಾಜರಿ ಕೂಗಿದಳು. ಹಾಜರಿ ಮುಗಿಯಿತು, ಗಂಟೆ ಹೊಡೆಯಲಿಲ್ಲ. ಮತ್ತೆ ಮೊದಲಿನಿಂದ ಕೂಗಿದಳು. ಮೂರನೆಯ ಸಲ ಕೂಗುವಾಗ ಮಕ್ಕಳಿಗೇ ಪಾಪ ಅನ್ನಿಸಿ, ಪ್ರತಿ ಹೆಸರಿಗೂ ಬೇರೆ ಬೇರೆ ದನಿಯಲ್ಲಿ ಹಾಜರ್ ಎನ್ನುತ್ತಾ ಹೊತ್ತು ಕಳೆಯಲು ನೆರವಾದರು. ಬಿಲ್ಯಾನಾ ಅಳುತ್ತಲೇ ನಕ್ಕಳು.

ನಕ್ಕ ಮೇಲೆ ಅವಳಿಗೆ ಒಂದು ಮಾತು ನೆನಪಾಯಿತು. ಪಾಠ ಮುಗಿದು ಹೊರಗೆ ಬಂದಾಗ ಸೆವ್ದಾ ಎಂಬ ಹುಡುಗಿ ಪಡಸಾಲೆಯಲ್ಲಿ ಅವಳನ್ನು ನಿಲ್ಲಿಸಿದ್ದಳು. ತರಗತಿಯಲ್ಲಿ ಬಾಯಿಯೇ ತೆರೆಯದ ಹುಡುಗಿ. ಕಬ್ಬಿಣ ತಣ್ಣಗಿಲ್ಲ ಅಂದರೆ ನಮ್ಮಜ್ಜಿ ಬೆಣ್ಣೆಯನ್ನು ತಗಡಿನ ಡಬ್ಬಿಯಲ್ಲಿ ಯಾಕೆ ಇಡುತ್ತಾರೆ, ತಗಡು ತಂಪು ಅಂತಲೇ ತಾನೇ ಎಂದು ಕೇಳಿದ್ದಳು. ಬಿಲ್ಯಾನಾ ಅವಸರದಲ್ಲಿ ಏನೋ ಹೇಳಿ ಸಾಗಹಾಕಿದ್ದಳು. ಈಗ ಚಮಚ ಕೆಳಗಿಟ್ಟಳು.

"ಮೇಡಂ, ಅವಳು ಸುಮ್ನೆ ತಪ್ಪು ಹೇಳ್ತಿಲ್ಲ. ಅವಳ ಹತ್ರ ಕಾರಣ ಇದೆ. ತಗಡು ತಂಪನ್ನ ಹಿಡಿದಿಟ್ಕೊಳ್ಳುತ್ತೆ ಅಂತ ಅವಳ ಲೆಕ್ಕ. ಹಾಗಿದ್ರೆ ಅದರ ಮೇಲಿಟ್ಟ ಮಂಜುಗಡ್ಡೆ ಕರಗಬಾರದು ಅಲ್ವಾ?" ಅಡುಗೆಮನೆಯ ಕಡೆ ತಿರುಗಿ ಕೇಳಿದಳು, "ನಿಮ್ಮ ಫ್ರಿಜ್ಜಲ್ಲಿ ಮಂಜುಗಡ್ಡೆ ಇದ್ಯಾ?"

ಇತ್ತು. ಅದೇ ಪ್ರಯೋಗವನ್ನು ರುಸಾಂಕಾ ಪ್ರತಿ ವರ್ಷ ಮಾಡುತ್ತಿದ್ದಳು. ಆ ಸಂಜೆ ಅದನ್ನು ಹೇಳದೆ ಸುಮ್ಮನಿರುವುದು ತನಗೆ ಎಷ್ಟು ಕಷ್ಟವಾಯಿತು ಎಂದು ಮರುದಿನ ನನ್ನ ಹತ್ತಿರ ಬಣ್ಣಿಸಿದಳು. ಎದ್ದು ಹೋಗಿ ಪಾತ್ರೆ ತೊಳೆದಳಂತೆ, ಮಾತು ಬಾಯಿಂದ ಜಾರದಿರಲಿ ಅಂತ.

ಮರುದಿನ ನನಗೆ ಆ ಹೊತ್ತಿಗೆ ಪಾಠವಿರಲಿಲ್ಲ, ನಾನೂ ಹೋಗಿ ಹಿಂದೆ ಕೂತೆ. ಬಿಲ್ಯಾನಾ ಅಸೆನ್‌ನ ಅಲ್ಯೂಮಿನಿಯಂ ತಟ್ಟೆ ಮತ್ತು ತರಕಾರಿ ಹೆಚ್ಚುವ ಮರದ ಹಲಗೆ ತಂದಿದ್ದಳು. ಪರದೆ ಹಾಕಲಿಲ್ಲ. ಎಲ್ಲರೂ ಸುತ್ತ ಬನ್ನಿ ಎಂದಳು. ಸೆವ್ದಾ ನಿನ್ನೆ ಏನು ಕೇಳಿದಳು, ಅವಳ ಲೆಕ್ಕ ಏನು ಎಂದು ಎಲ್ಲರಿಗೂ ಹೇಳಿದಳು. ಒಂದೇ ಗಾತ್ರದ ಎರಡು ಮಂಜುಗಡ್ಡೆ, ಒಂದು ತಟ್ಟೆಯ ಮೇಲೆ, ಒಂದು ಹಲಗೆಯ ಮೇಲೆ. ಯಾವುದು ಮೊದಲು ಕರಗುತ್ತದೆ? ಮರದ ಮೇಲಿನದು ಎಂದು ಎಲ್ಲರೂ ಕೂಗಿದರು. ಸೆವ್ದಾ ಕೂಡ ಹೌದೆಂದು ತಲೆಯಾಡಿಸಿದಳು.

ಇಟ್ಟಳು. ಮರದ ಮೇಲಿನ ಮಂಜುಗಡ್ಡೆ ಸುಮ್ಮನೆ ಕೂತಿತ್ತು. ತಟ್ಟೆಯ ಮೇಲಿನದು ನೋಡನೋಡುತ್ತಿದ್ದ ಹಾಗೇ ನೀರೊಡೆದು ಜಾರತೊಡಗಿತು. ಬಿಲ್ಯಾನಾ ಏನಾದರೂ ವಿವರಿಸುತ್ತಾಳೆ ಅಂದುಕೊಂಡೆ, ಅವಳು ಎರಡನ್ನೂ ಸೆವ್ದಾಳ ಕಡೆ ಸರಿಸಿದಳು ಅಷ್ಟೇ. ಸೆವ್ದಾ ಬೆರಳಿನಿಂದ ತಟ್ಟೆ ಮುಟ್ಟಿದಳು, ಹಲಗೆ ಮುಟ್ಟಿದಳು, ಮತ್ತೆ ತಟ್ಟೆ ಮುಟ್ಟಿದಳು.

"ತಟ್ಟೆ ತಣ್ಣಗಿಲ್ಲ," ಎಂದಳು ನಿಧಾನವಾಗಿ. "ಅದು ಕೊಡುತ್ತೆ. ಮಂಜುಗಡ್ಡೆಗೆ ಬಿಸಿ ಕೊಡುತ್ತೆ. ನಾನು ಮುಟ್ಟಿದ್ರೆ ನನ್ನ ಹತ್ರ ಕಿತ್ಕೊಳ್ಳುತ್ತೆ."

ಆಮೇಲೆ ಗಲಾಟೆಯೋ ಗಲಾಟೆ. ಎಲ್ಲರಿಗೂ ಮುಟ್ಟಬೇಕು, ಎಲ್ಲರಿಗೂ ಮಾತಾಡಬೇಕು. ಗಂಟೆ ಹೊಡೆದದ್ದು ಯಾರಿಗೂ ಕೇಳಲಿಲ್ಲ. ನಾನು ರುಸಾಂಕಾಳ ಕಡೆ ನೋಡಿದೆ. ಅವಳು ನೋಡುತ್ತಿದ್ದುದು ಮಂಜುಗಡ್ಡೆಯನ್ನಲ್ಲ, ಬಿಲ್ಯಾನಾಳ ಮುಖವನ್ನು.

ಬಿಲ್ಯಾನಾ ವಾರ ಪೂರ್ತಿ ಇದ್ದಳು. ಹೊರಡುವ ದಿನ ಬಸ್ಸು ಹತ್ತುವ ಮೊದಲು, ಎಂಟನೆಯವರಿಗೆ ಆವಿಯ ಪಾಠ ಶುರು ಮಾಡಿ ಅರ್ಧಕ್ಕೆ ಬಿಟ್ಟು ಹೋಗುತ್ತಿದ್ದೇನೆ, ಅವರಿಗೆ ಅನ್ಯಾಯವಾಗುತ್ತದೆ ಎಂದು ಪೇಚಾಡಿದಳು. ರುಸಾಂಕಾ ಅವಳ ಕೈಗೆ ಬೆಟ್ಟದಲ್ಲಿ ಕಿತ್ತು ಒಣಗಿಸಿದ ಚಹಾಸೊಪ್ಪಿನ ಕಟ್ಟು ಕೊಟ್ಟಳು.

ಈ ಹುಡುಗಿ ನಮ್ಮಲ್ಲಿಗೇ ಬರುತ್ತಾಳೆ ಅಂತಲೇ ನಾವೆಲ್ಲ ಲೆಕ್ಕ ಹಾಕಿದ್ದೆವು. ಫಿಲಿಪ್ ಅಂತೂ ಸಿಹಿ ಹಂಚಿದ. ಆದರೆ ಓದು ಮುಗಿದ ಮೇಲೆ ಅವಳು ಟೀಚರ್ ಆಗಿ ಸೇರಿದ್ದು ಪ್ಲೊವ್ಡಿವ್ ಪಕ್ಕದ ಊರು ಅಸೆನೊವ್‌ಗ್ರಾಡ್‌ನ ಒಂದು ಶಾಲೆಗೆ. ಅಲ್ಲಿ ಅವಳ ಅಪ್ಪ ಅಮ್ಮ ಇದ್ದರು, ಮದುವೆಯಾಗುವ ಹುಡುಗನೂ ಇದ್ದ. ಸಂಕೋಚದಿಂದ ಫೋನು ಮಾಡಿ ಹೇಳಿದಳು. ರುಸಾಂಕಾ ಅವಳಿಗೆ ಒಳ್ಳೆಯದಾಗಲಿ ಎಂದು ಹಾರೈಸಿ, ಮೊದಲ ವಾರದಲ್ಲಿ ಏನೇನು ಮಾಡಬಾರದು ಅಂತ ಒಂದು ಗಂಟೆ ಹೇಳಿದಳು. ಸಂಜೆ ಕೋಟು ಹಾಕಿಕೊಳ್ಳುವಾಗ, "ಎಲ್ಲೋ ಒಂದು ಕಡೆ ಮಕ್ಕಳಿಗೆ ಸಿಕ್ಕಿದ್ಲಲ್ಲ" ಎಂದಳು. ಆ ಮಾತು ಅವಳು ನನಗಿಂತ ಹೆಚ್ಚಾಗಿ ತನಗೇ ಹೇಳಿಕೊಂಡದ್ದು.

ನಿವೃತ್ತಿಯ ವಯಸ್ಸು ಬಂತು, ಹೋಯಿತು, ಅವಳು ಅರ್ಧ ದಿನದ ಮೇಲೆ ಮುಂದುವರಿದಳು. ಮೊಣಕಾಲು ನೋಯುತ್ತಿತ್ತು, ಮೆಟ್ಟಿಲ ಮೇಲೆ ಮಕ್ಕಳು ಕೈ ಹಿಡಿದು ಹತ್ತಿಸುತ್ತಿದ್ದರು. ಶೋಪೊವ್ ಪ್ರತಿ ವಸಂತದಲ್ಲಿ ಇಬ್ಬರೋ ಮೂವರೋ ಹುಡುಗರನ್ನು ಒಂದು ವಾರಕ್ಕೆ ಕಳಿಸುವ ಪದ್ಧತಿ ಮಾಡಿಕೊಂಡ. ಬಂದವರಿಗೆಲ್ಲ ಅಸೆನ್ ಅಡುಗೆ ಮಾಡಿ ಹಾಕಿದ. ಒಬ್ಬ ಎರಡನೆಯ ದಿನವೇ ಇದು ನನಗಲ್ಲ ಎಂದು ಹೊರಟುಹೋದ. ಹೀಗೆ ಮೊದಲೇ ತಿಳಿದದ್ದು ಅವನಿಗೂ ಒಳ್ಳೆಯದು, ಅವನು ಕಲಿಸಬೇಕಿದ್ದ ಮಕ್ಕಳಿಗೂ ಒಳ್ಳೆಯದು ಎಂದು ರುಸಾಂಕಾ ಅವನನ್ನು ಬಸ್ಸಿನವರೆಗೆ ಬಿಟ್ಟು ಬಂದಳು. ಮೂರನೆಯ ವರ್ಷ ಮಿಂಚೊ ಎಂಬ ದಢೂತಿ ಹುಡುಗ ಬಂದ. ಅರ್ದಾ ಹೊಳೆಯಲ್ಲಿ ಮೀನು ಹಿಡಿಯಬಹುದು ಅಂತ ಬಂದವನು, ಹಾಗಂತ ಅವನೇ ಒಪ್ಪಿಕೊಂಡ. ಆ ವಾರ ಅವನಿಗೆ ಮೀನು ಸಿಗಲಿಲ್ಲ. ಏಳನೇ ತರಗತಿಯ ತುಂಟ ಹುಡುಗರ ಜೊತೆ ಸೇರಿ ಒಂದು ರೇಡಿಯೋ ಜೋಡಿಸಲು ಕೂತವನು ಗಾಳವನ್ನೇ ಮರೆತಿದ್ದ. ಮರುವರ್ಷ ಸೆಪ್ಟೆಂಬರಿನಲ್ಲಿ, ಶಾಲೆ ತೆರೆಯುವ ದಿನ, ರುಸಾಂಕಾಳ ಜಾಗಕ್ಕೆ ಮೇಷ್ಟ್ರಾಗಿ ಬಂದ ಅವನು, ಮಕ್ಕಳು ಆ ದಿನ ಎಲ್ಲ ಟೀಚರುಗಳಿಗೂ ಕೊಡುವ ಹೂವು ಕೈತುಂಬ ಹಿಡಿದು ಏನು ಮಾಡಬೇಕೆಂದು ತಿಳಿಯದೆ ಅಂಗಳದಲ್ಲಿ ನಿಂತಿದ್ದ. ರುಸಾಂಕಾ ಹೋಗಿ ಹೂವುಗಳನ್ನು ಒಂದು ಬಕೆಟ್ಟಿಗೆ ಹಾಕಿಸಿ, ತರಗತಿ ಯಾವ ಕಡೆ ಎಂದು ತೋರಿಸಿದಳು.

ಈಗ ಅವಳು ಪಾಠ ಮಾಡುವುದಿಲ್ಲ. ಆದರೂ ವರ್ಷಕ್ಕೊಮ್ಮೆ ಪ್ಲೊವ್ಡಿವ್‌ಗೆ ಹೋಗುವುದನ್ನು ಬಿಟ್ಟಿಲ್ಲ. ಕಳೆದ ವಸಂತದಲ್ಲಿ ಜೊತೆಗೆ ನನ್ನನ್ನೂ ಕರೆದುಕೊಂಡು ಹೋದಳು. ಕೈಯಲ್ಲಿ ಕಾಗದವಿರಲಿಲ್ಲ. ಸಂಬಳ ಎಷ್ಟು, ಊರಲ್ಲಿ ಚಳಿ ಎಷ್ಟು, ಮನೆಗೆ ಹೊತ್ತು ತರುವ ತಿದ್ದುವ ಕೆಲಸ ಎಷ್ಟು, ಕೇಳಿದ್ದಕ್ಕೆಲ್ಲ ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. ಮುಂದಿನ ಸಾಲಿನ ಒಬ್ಬ ಹುಡುಗ, ಸೇರಿದ ಮೇಲೆ ಇಷ್ಟವಾಗದಿದ್ದರೆ ಬಿಡಬಹುದೇ ಎಂದು ಕೇಳಿದ.

"ಬಿಡಬಹುದಪ್ಪ. ಸೇರೋ ಮೊದಲೂ ಬಿಡಬಹುದು. ಆದ್ರೆ ಒಂದು ವಾರ ಬಂದು ಮಕ್ಕಳ ಜೊತೆ ಇದ್ದು ಆಮೇಲೆ ಬಿಡಿ. ನೋಡದೇನೇ ಬಿಡಬೇಡಿ, ಅಷ್ಟೇ ನಾನು ಕೇಳೋದು."

ನಾಲ್ಕು ಜನ ಹೆಸರು ಕೊಟ್ಟರು. ನಾವು ಮೆಟ್ಟಿಲು ಇಳಿಯುವಾಗ ಅವರಲ್ಲೊಬ್ಬಳು ಹಿಂದೆಯೇ ಓಡಿ ಬಂದಳು. ರುಡೋಜೆಮ್ ಬಸ್ಸು ಎಲ್ಲಿಂದ ಹೊರಡುತ್ತದೆ, ಬೆಳಿಗ್ಗೆ ಎಷ್ಟು ಹೊತ್ತಿಗೆ ಬಂದು ನಿಲ್ಲಬೇಕು ಎಂದು ಕೇಳಿದಳು. ರುಸಾಂಕಾ ಅವಳ ತೋಳು ಹಿಡಿದುಕೊಂಡಳು, ಬಸ್ ನಿಲ್ದಾಣ ತೋರಿಸುತ್ತೇನೆ ಬಾ ಎಂದಳು. ಇಬ್ಬರೂ ನನಗಿಂತ ಮುಂದೆ ನಡೆದರು.